ಓಡುತ್ತಿರುವ ಸರ್ವರ್ ನಿಲ್ಲಿಸದೆ ಲಾಗ್ ಫೈಲ್ ಬದಲಿಸುವುದು ಹೇಗೆ?

ಪ್ರಶ್ನೆ: ಮಂಡ್ಯದಲ್ಲಿ ಕೋಚಿಂಗ್ ಸೆಂಟರ್‌ಗಳಿಗೆ ಆನ್‌ಲೈನ್ ಸಿಇಟಿ ಮಾದರಿ ಪರೀಕ್ಷೆ ನಡೆಸಿಕೊಡುವ ಸಣ್ಣ ತಂಡ ನಮ್ಮದು. ಉಬುಂಟು ಸರ್ವರ್, 40 ಜಿಬಿ ಡಿಸ್ಕ್. ಮುಂದೆ ಎಂಜಿನ್‌ಎಕ್ಸ್ ವೆಬ್ ಸರ್ವರ್, ಹಿಂದೆ ಒಂದು ನೋಡ್ (ಜಾವಾಸ್ಕ್ರಿಪ್ಟ್) ಅಪ್ಲಿಕೇಶನ್. ಮಕ್ಕಳ ಉತ್ತರಗಳು ವೆಬ್‌ಸಾಕೆಟ್ (ಪರೀಕ್ಷೆ ಮುಗಿಯುವವರೆಗೂ ತೆರೆದಿರುವ ಸಂಪರ್ಕ) ಮೂಲಕ ಬರುತ್ತವೆ. ಕಳೆದ ವಾರ ಡಿಸ್ಕ್ ತುಂಬಿತು. 11 ಜಿಬಿ ಇದ್ದ ಆಕ್ಸೆಸ್ ಲಾಗ್ (ಬಂದ ಪ್ರತಿ ಕೋರಿಕೆಯ ದಾಖಲೆ) ಅಳಿಸಿದೆವು, ಆದರೂ ಜಾಗ ಬರಲಿಲ್ಲ. ಎಂಜಿನ್‌ಎಕ್ಸ್ ರೀಸ್ಟಾರ್ಟ್ ಮಾಡಿದ ಮೇಲೆ ಜಾಗ ಬಂತು, ಆದರೆ ಪರೀಕ್ಷೆ ಬರೆಯುತ್ತಿದ್ದ ಮಕ್ಕಳ ಸಂಪರ್ಕ ಕಡಿದುಹೋಯಿತು. ಈಗ ದಿನಾ ರಾತ್ರಿ 2 ಗಂಟೆಗೆ ಲಾಗ್ ಅಳಿಸಿ ರೀಸ್ಟಾರ್ಟ್ ಮಾಡುವ ಕ್ರಾನ್ (ಹೊತ್ತಿಗೆ ಸರಿಯಾಗಿ ತಾನೇ ಓಡುವ ಆಜ್ಞೆ) ಹಾಕಿದ್ದೇವೆ. ಯಾವುದನ್ನೂ ನಿಲ್ಲಿಸದೆ ಲಾಗ್ ಬದಲಿಸುವ ಸರಿಯಾದ ಕ್ರಮ ಯಾವುದು? ಹಳೆಯದೊಂದು ಅಪಾಚೆ ಸರ್ವರ್ ಕೂಡ ಇದೆ.

ಉತ್ತರ: ಮೊದಲು ಆ ರಾತ್ರಿ 2ರ ಕ್ರಾನ್ ಸಾಲನ್ನು ತೆಗೆದುಹಾಕಿ. ಲಾಗ್ ಬದಲಿಸಲು ರೀಸ್ಟಾರ್ಟ್ ಬೇಕಾಗಿಲ್ಲ. ಎಂಜಿನ್‌ಎಕ್ಸ್‌ಗೆ ಒಂದು ಸಿಗ್ನಲ್ (ಓಡುತ್ತಿರುವ ಪ್ರೋಗ್ರಾಮ್‌ಗೆ ಕಳಿಸುವ ಪುಟ್ಟ ಸೂಚನೆ) ಸಾಕು, ಅಪಾಚೆಗೆ ಅದರದೇ ದಾರಿ ಇದೆ, ನೋಡ್ ಅಪ್ಲಿಕೇಶನ್‌ನಲ್ಲಿ ಮಾತ್ರ ಸ್ವಲ್ಪ ಕೈಯಾಡಿಸಬೇಕು. ಆಜ್ಞೆಗಳನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆಯಿರಿ.

ಫೈಲ್ ಅಳಿಸಿದರೂ ಜಾಗ ಯಾಕೆ ಬರಲಿಲ್ಲ ಎಂಬುದು ತಿಳಿದರೆ ಉಳಿದದ್ದೆಲ್ಲ ಸುಲಭ. ಲಿನಕ್ಸ್‌ನಲ್ಲಿ ಫೈಲಿನ ಹೆಸರು ಬೇರೆ, ಫೈಲ್ ಬೇರೆ. ಡೇಟಾ ಇರುವುದು ಐನೋಡ್ ಎಂಬ ಸಂಖ್ಯೆಯ ಲೆಕ್ಕದಲ್ಲಿ. ಡೈರೆಕ್ಟರಿಯಲ್ಲಿ ಕಾಣುವ ಹೆಸರು ಆ ಸಂಖ್ಯೆಯನ್ನು ತೋರಿಸುವ ಚೀಟಿ ಅಷ್ಟೆ. ಎಂಜಿನ್‌ಎಕ್ಸ್ ಶುರುವಾದಾಗ ಒಮ್ಮೆ ಹೆಸರು ನೋಡಿ ಫೈಲ್ ತೆರೆಯುತ್ತದೆ, ಆಮೇಲೆ ಹೆಸರಿನ ಕಡೆ ತಿರುಗಿಯೂ ನೋಡುವುದಿಲ್ಲ. ನಿಮ್ಮ ಕಡೆಯ ಆಲೆಮನೆ ನೆನಪಿಸಿಕೊಳ್ಳಿ. ಗಾಣದಿಂದ ಪೈಪಿನಲ್ಲಿ ಕಬ್ಬಿನ ಹಾಲು ಬಂದು ಡ್ರಮ್ಮಿಗೆ ಬೀಳುತ್ತಿರುತ್ತದೆ. ಡ್ರಮ್ಮಿನ ಮೇಲೆ ಬರೆದ ‘ಇವತ್ತು’ ಅಳಿಸಿ ‘ನಿನ್ನೆ’ ಎಂದು ಬರೆದರೆ ಹಾಲು ಬೇರೆ ಡ್ರಮ್ಮಿಗೆ ಹೋಗುತ್ತದೆಯೇ? ಪೈಪನ್ನು ಯಾರಾದರೂ ಎತ್ತಿ ಇಡುವವರೆಗೂ ಅದೇ ಡ್ರಮ್ಮಿಗೇ ಬೀಳುತ್ತದೆ. ನೀವು ಲಾಗ್ ಅಳಿಸಿದಾಗ ಹೋದದ್ದು ಚೀಟಿ ಮಾತ್ರ. ಹೆಸರಿಲ್ಲದ ಆ 11 ಜಿಬಿ ಫೈಲನ್ನು ಎಂಜಿನ್‌ಎಕ್ಸ್ ಹಿಡಿದುಕೊಂಡೇ ಇತ್ತು, ಅದಕ್ಕೆ ಬರೆಯುತ್ತಲೂ ಇತ್ತು. ರೀಸ್ಟಾರ್ಟ್ ಆದಾಗ ಹಿಡಿತ ಬಿಟ್ಟಿತು, ಜಾಗ ಬಂತು. ರೀಸ್ಟಾರ್ಟ್ ಒಂದೇ ಮದ್ದು ಎಂದು ಅನ್ನಿಸಿದ್ದು ಈ ಕಾರಣಕ್ಕೆ.

ಮುಂದೆ ಹಾಗೆ ಆದರೆ ‘ಎಲ್‌ಎಸ್‌ಓಎಫ್ ಪ್ಲಸ್ ಎಲ್1’ ಹೊಡೆಯಿರಿ (1ರ ಹಿಂದಿನ ಎಲ್ ಮಾತ್ರ ದೊಡ್ಡಕ್ಷರ). ಹೆಸರು ಕಳೆದುಕೊಂಡರೂ ಯಾವುದೋ ಪ್ರೋಸೆಸ್ಸಿನ ಕೈಯಲ್ಲಿರುವ ಫೈಲುಗಳೆಲ್ಲ ಗಾತ್ರದ ಸಮೇತ ಕಾಣುತ್ತವೆ. ಹಿಡಿದಿರುವುದು ಎಂಜಿನ್‌ಎಕ್ಸ್ ಆಗಿದ್ದರೆ ‘ಎಂಜಿನ್‌ಎಕ್ಸ್ ಮೈನಸ್ ಎಸ್ ರೀಓಪನ್’ ಎಂದರೆ ಕೂಡಲೇ ಜಾಗ ವಾಪಸ್ ಬರುತ್ತದೆ, ಒಂದು ಸಂಪರ್ಕವೂ ಕಡಿಯುವುದಿಲ್ಲ. ಬೇರೆ ಪ್ರೋಸೆಸ್ ಆಗಿದ್ದರೆ ಪಿಐಡಿಯನ್ನೂ (ಪ್ರೋಸೆಸ್ಸಿನ ಸಂಖ್ಯೆ) ಫೈಲ್ ಡಿಸ್ಕ್ರಿಪ್ಟರ್ ಸಂಖ್ಯೆಯನ್ನೂ (ಅದು ತೆರೆದ ಫೈಲಿಗೆ ಸಿಕ್ಕ ಸಂಖ್ಯೆ) ಅದೇ ಪಟ್ಟಿಯಿಂದ ಗುರುತು ಹಾಕಿಕೊಂಡು, ಪ್ರಾಕ್ ಡೈರೆಕ್ಟರಿಯಲ್ಲಿ ಆ ಪಿಐಡಿಯ ಎಫ್‌ಡಿ ಫೋಲ್ಡರ್‌ನೊಳಗಿನ ಆ ಸಂಖ್ಯೆಯ ಮೇಲೆ ‘ಟ್ರಂಕೇಟ್ ಮೈನಸ್ ಎಸ್ 0’ ಪ್ರಯೋಗಿಸಿ. ಫೈಲ್ ಸೊನ್ನೆಗೆ ಇಳಿಯುತ್ತದೆ, ಪ್ರೋಸೆಸ್ ಓಡುತ್ತಲೇ ಇರುತ್ತದೆ. ಇನ್ನೂ ಅಳಿಸದ ದೊಡ್ಡ ಲಾಗ್ ಇದ್ದರೆ ಅಳಿಸುವ ಆಜ್ಞೆ ಆರ್‌ಎಂ ಮುಟ್ಟಲೇಬೇಡಿ, ನೇರವಾಗಿ ಅದರ ಮೇಲೇ ಟ್ರಂಕೇಟ್ ಮಾಡಿ. ಇದು ಆಪತ್ತಿಗೆ ಮಾತ್ರ. ಲಾಗ್ ಹೋಗುತ್ತದೆ ಎಂಬುದು ನೆನಪಿರಲಿ.

ದಿನನಿತ್ಯದ ಕ್ರಮದಲ್ಲಿ ಮೂರು ಹೆಜ್ಜೆ, ಅದೂ ಇದೇ ಅನುಕ್ರಮದಲ್ಲಿ: ಹೆಸರು ಬದಲಿಸು, ಹೊಸ ಫೈಲ್ ತೆರೆಯಲು ಪ್ರೋಸೆಸ್ಸಿಗೆ ಹೇಳು, ಅದು ತೆರೆದ ಮೇಲಷ್ಟೇ ಹಳೆಯದನ್ನು ಮುಟ್ಟು. ಹೆಸರು ಬದಲಿಸುವುದು ಒಂದೇ ಫೈಲ್‌ಸಿಸ್ಟಮ್‌ನೊಳಗೆ ಆದರೆ ಕ್ಷಣದ ಕೆಲಸ, ಒಂದು ಸಾಲೂ ನಷ್ಟವಾಗುವುದಿಲ್ಲ. ಮೊದಲ ಮತ್ತು ಎರಡನೇ ಹೆಜ್ಜೆಯ ನಡುವೆ ಬಂದ ಸಾಲುಗಳು ಹೆಸರು ಬದಲಾದ ಹಳೆಯ ಫೈಲಿಗೇ ಸೇರುತ್ತವೆ, ಎಲ್ಲೂ ಹೋಗುವುದಿಲ್ಲ. ಆದರೆ ಎಂವಿ ಆಜ್ಞೆಯಿಂದ ಬೇರೆ ಪಾರ್ಟಿಷನ್ನಿಗೆ ಸಾಗಿಸಿದರೆ ಅದು ನಕಲು ಮಾಡಿ ಮೂಲವನ್ನು ಅಳಿಸುವ ಕೆಲಸವಾಗುತ್ತದೆ. ಪ್ರೋಸೆಸ್ ಅಳಿಸಿದ ಮೂಲಕ್ಕೇ ಬರೆಯುತ್ತಾ ಕೂರುತ್ತದೆ. ಹಳೆಯ ಲಾಗನ್ನು ಬೇರೆ ಡಿಸ್ಕಿಗೆ ಒಯ್ಯುವುದಿದ್ದರೆ ಜಿಜಿಪ್ ಆಗಿ ಕುಗ್ಗಿದ ಮೇಲೆ ಒಯ್ಯಿರಿ.

ಎಂಜಿನ್‌ಎಕ್ಸ್‌ನಲ್ಲಿ ಎರಡನೇ ಹೆಜ್ಜೆಗೆ ಯುಎಸ್‌ಆರ್1 ಸಿಗ್ನಲ್, ಕಳಿಸಬೇಕಾದದ್ದು ಮಾಸ್ಟರ್ ಪ್ರೋಸೆಸ್ಸಿಗೆ, ಅಂದರೆ ಕೋರಿಕೆಗಳನ್ನು ನೋಡಿಕೊಳ್ಳುವ ವರ್ಕರ್‌ಗಳ ಮೇಲ್ವಿಚಾರಕನಿಗೆ. ‘ರೀಓಪನ್’ ಮಾಡುವುದೂ ಇದನ್ನೇ. ಮಾಸ್ಟರ್ ಹೊಸ ಫೈಲುಗಳನ್ನು ತೆರೆದು, ಅವುಗಳ ಒಡೆತನವನ್ನು ವರ್ಕರ್‌ಗಳ ಬಳಕೆದಾರನಿಗೆ ಕೊಟ್ಟು, ನೀವೂ ತೆರೆಯಿರಿ ಎಂದು ವರ್ಕರ್‌ಗಳಿಗೆ ತಿಳಿಸುತ್ತದೆ. ಅವು ಹಳೆಯದನ್ನು ಬಿಟ್ಟು ಹೊಸದನ್ನು ಹಿಡಿಯುತ್ತವೆ. ಲಾಗ್‌ಗೆ ಬಫರ್ ಇಟ್ಟಿದ್ದರೆ ಅದರಲ್ಲಿ ಉಳಿದದ್ದನ್ನು ಹಳೆಯ ಫೈಲಿಗೆ ಸುರಿದೇ ಮುಂದೆ ಹೋಗುತ್ತದೆ. ವರ್ಕರ್‌ಗಳು ಸಾಯುವುದಿಲ್ಲ, ವೆಬ್‌ಸಾಕೆಟ್ ಕಡಿಯುವುದಿಲ್ಲ.

ರೀಲೋಡ್ ಮಾಡಿದರೂ ಹೊಸ ಲಾಗ್ ತೆರೆದುಕೊಳ್ಳುತ್ತದೆಯಲ್ಲ, ಅದನ್ನೇ ಹಾಕಿದರಾಯಿತು ಎಂದು ಹಲವರು ಅದನ್ನೇ ಬಳಸುತ್ತಾರೆ. ನಿಮ್ಮಲ್ಲಿ ಅದು ಬೇಡವೇ ಬೇಡ. ರೀಲೋಡ್ ಎಂದರೆ ಎಚ್‌ಯುಪಿ ಸಿಗ್ನಲ್. ಹೊಸ ವರ್ಕರ್‌ಗಳು ಹುಟ್ಟುತ್ತವೆ, ಹಳೆಯವು ತಮ್ಮ ಸಂಪರ್ಕಗಳು ಮುಗಿಯುವವರೆಗೆ ಕಾಯುತ್ತವೆ. ಸಾಮಾನ್ಯ ಪುಟಗಳಾದರೆ ಕೆಲವು ಸೆಕೆಂಡಿನ ಮಾತು. ಮೂರು ಗಂಟೆ ತೆರೆದಿರುವ ಪರೀಕ್ಷೆಯ ವೆಬ್‌ಸಾಕೆಟ್ ಆದರೆ ಮೂರು ಗಂಟೆ ಆ ಹಳೆಯ ವರ್ಕರ್ ಮೆಮೊರಿ ತಿನ್ನುತ್ತಾ, ಹಳೆಯ ಲಾಗನ್ನು ಹಿಡಿದುಕೊಂಡೇ ಇರುತ್ತದೆ. ಅಷ್ಟರಲ್ಲಿ ಆ ಲಾಗ್ ಜಿಜಿಪ್ ಆಗಿದ್ದರೆ ಅದು ಬರೆದ ಸಾಲುಗಳು ಹೆಸರಿಲ್ಲದ ಫೈಲಿಗೆ ಹೋಗಿ ನಾಶವಾಗುತ್ತವೆ. ಇನ್ನೊಂದು ಎಚ್ಚರ: ಯುಎಸ್‌ಆರ್1 ಬದಲು ಯುಎಸ್‌ಆರ್2 ಎಂದು ಕೈತಪ್ಪಿ ಹೊಡೆದರೆ ಎಂಜಿನ್‌ಎಕ್ಸ್ ತನ್ನ ಬೈನರಿಯನ್ನೇ ಮೇಲ್ದರ್ಜೆಗೇರಿಸಲು ಹೊಸ ಮಾಸ್ಟರ್ ಎಬ್ಬಿಸುತ್ತದೆ.

ಇಷ್ಟನ್ನೂ ಕೈಯಿಂದ ಮಾಡಬೇಕಾಗಿಲ್ಲ, ಇದಕ್ಕೆಂದೇ ಲಾಗ್‌ರೊಟೇಟ್ ಎಂಬ ಪ್ರೋಗ್ರಾಮ್ ಇದೆ. ಉಬುಂಟುವಿನ ಎಂಜಿನ್‌ಎಕ್ಸ್ ಪ್ಯಾಕೇಜ್ ಜೊತೆಗೇ ಲಾಗ್‌ರೊಟೇಟ್‌ನ ಸೆಟ್ಟಿಂಗ್ ಫೈಲೂ ಬರುತ್ತದೆ. ಹಾಗಿದ್ದರೂ ನಿಮ್ಮ ಲಾಗ್ 11 ಜಿಬಿ ಬೆಳೆದಿದೆ. ಕಾರಣ ಹುಡುಕದೆ ಮುಂದೆ ಹೋಗಬೇಡಿ. ನಿಮ್ಮ ಲಾಗ್ ವಾರ್-ಲಾಗ್-ಎಂಜಿನ್‌ಎಕ್ಸ್ ಡೈರೆಕ್ಟರಿಯ ಹೊರಗೆ, ಉದಾಹರಣೆಗೆ ಅಪ್ಲಿಕೇಶನ್ ಫೋಲ್ಡರ್‌ನಲ್ಲಿ ಇದ್ದರೆ ಪ್ಯಾಕೇಜಿನ ಫೈಲ್ ಅದನ್ನು ನೋಡುವುದೇ ಇಲ್ಲ. ಅಲ್ಲೇ ಇದ್ದರೆ, ದಿನದ ಲೆಕ್ಕದ ರೊಟೇಶನ್ ಆದ್ದರಿಂದ ಒಂದೇ ದಿನದಲ್ಲಿ ಉಕ್ಕಿದ್ದನ್ನು ಅದು ತಡೆದಿರಲಿಕ್ಕಿಲ್ಲ. ಮೂರನೆಯದು ಗುರುತಿಸಲು ಕಷ್ಟ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ರೊಟೇಶನ್ ಆದ ಮೇಲೆ ಸಿಗ್ನಲ್ ಕಳಿಸಲು ಮಾಸ್ಟರ್‌ನ ಸಂಖ್ಯೆ ಬರೆದಿಟ್ಟ ಪಿಐಡಿ ಫೈಲ್ ಓದಬೇಕು. ಆ ಫೈಲ್ ಖಾಲಿಯಾಗಿದ್ದರೆ ಅಥವಾ ಹಳೆಯ ಸಂಖ್ಯೆ ಉಳಿದಿದ್ದರೆ ಸಿಗ್ನಲ್ ತಲುಪುವುದಿಲ್ಲ. ಸಾಮಾನ್ಯವಾಗಿ ಆ ಸಾಲಿನ ಕೊನೆಗೆ ಔಟ್‌ಪುಟ್ ಎಲ್ಲವನ್ನೂ ಡೆವ್-ನಲ್‌ಗೆ (ಬಂದದ್ದನ್ನೆಲ್ಲ ನುಂಗಿಬಿಡುವ ಫೈಲ್) ಕಳಿಸಿರುತ್ತಾರೆ, ಹಾಗಾಗಿ ದೋಷದ ಸುದ್ದಿಯೇ ಬರುವುದಿಲ್ಲ. ಈಗ ಆಗುವುದನ್ನು ನೋಡಿ. ಆಕ್ಸೆಸ್ ಲಾಗ್ ಹೆಸರು ಬದಲಾಗಿ ‘ಪಾಯಿಂಟ್ 1’ ಆಯಿತು. ಹೊಸದಾಗಿ ಸೊನ್ನೆ ಬೈಟಿನ ಆಕ್ಸೆಸ್ ಲಾಗ್ ಹುಟ್ಟಿತು. ಎಂಜಿನ್‌ಎಕ್ಸ್‌ಗೆ ಸುದ್ದಿ ಮುಟ್ಟಲಿಲ್ಲ, ಅದು ಪಾಯಿಂಟ್ 1ಕ್ಕೇ ಬರೆಯುತ್ತಿದೆ. ಮರುದಿನ ಲಾಗ್‌ರೊಟೇಟ್ ಬಂದು ನೋಡುತ್ತದೆ: ಆಕ್ಸೆಸ್ ಲಾಗ್ ಖಾಲಿ. ‘ನಾಟಿಫ್‌ಎಂಪ್ಟಿ’ ಇರುವುದರಿಂದ ಖಾಲಿ ಫೈಲನ್ನು ಬದಲಿಸದೆ ಹಾಗೇ ಹೋಗುತ್ತದೆ. ಅದರ ಮರುದಿನವೂ ಅಷ್ಟೆ. ಪಾಯಿಂಟ್ 1 ಮಾತ್ರ ತಡೆಯಿಲ್ಲದೆ ಬೆಳೆಯುತ್ತದೆ. ಡೈರೆಕ್ಟರಿಯಲ್ಲಿ ಸೊನ್ನೆ ಬೈಟಿನ ಆಕ್ಸೆಸ್ ಲಾಗ್, ಪಕ್ಕದಲ್ಲಿ ಈ ಗಳಿಗೆಯ ಸಮಯ ತೋರಿಸುವ ಪಾಯಿಂಟ್ 1 ಕಂಡರೆ ಇದೇ ರೋಗ. ಇಲ್ಲಿ ‘ರೀಓಪನ್’ ಕೂಡ ಅದೇ ಪಿಐಡಿ ಫೈಲನ್ನು ನಂಬುವುದರಿಂದ ಕೈಕೊಡುತ್ತದೆ. ಓಡುತ್ತಿರುವ ಪ್ರೋಸೆಸ್ಸುಗಳನ್ನು ತೋರಿಸುವ ಪಿಎಸ್ ಪಟ್ಟಿಯಲ್ಲಿ ‘ಎಂಜಿನ್‌ಎಕ್ಸ್ ಮಾಸ್ಟರ್ ಪ್ರೋಸೆಸ್’ ಎಂದಿರುವ ಸಾಲಿನ ಪಿಐಡಿ ಹುಡುಕಿ, ಅದಕ್ಕೆ ಕಿಲ್ ಆಜ್ಞೆಯಲ್ಲಿ ಯುಎಸ್‌ಆರ್1 ಕಳಿಸಿ, ಆ ಸಂಖ್ಯೆಯನ್ನೇ ಪಿಐಡಿ ಫೈಲಿಗೆ ಬರೆಯಿರಿ. ಡೆವ್-ನಲ್‌ಗೆ ಕಳಿಸುವ ತುಂಡನ್ನು ಸಾಲಿನಿಂದ ತೆಗೆದುಬಿಡಿ. ದೋಷ ಬಂದರೆ ಕಾಣಬೇಕು.

ಇನ್ನು ಲಾಗ್‌ರೊಟೇಟ್ ಫೈಲಿನಲ್ಲಿ ನಾನು ಬರೆಯುವುದು ಹೀಗೆ. ಫೈಲ್ ನಮೂನೆ ‘ಸ್ಟಾರ್ ಡಾಟ್ ಲಾಗ್’ ಎಂದೇ ಇರಲಿ. ಬರೀ ‘ಸ್ಟಾರ್’ ಹಾಕಿದರೆ ಬದಲಾದ ಹಳೆಯ ಫೈಲುಗಳೂ ಮತ್ತೆ ಬದಲಾಗಿ, ಪಾಯಿಂಟ್ 1 ಪಾಯಿಂಟ್ 1 ಎಂದು ಹೆಸರಿನ ಬಾಲ ಬೆಳೆಯುತ್ತಾ ಹೋಗುತ್ತದೆ. ಒಳಗೆ ‘ಡೈಲಿ’, ಅದರ ಜೊತೆ ‘ಮ್ಯಾಕ್ಸ್‌ಸೈಜ್ 500ಎಂ’. ಇವೆರಡೂ ಇದ್ದರೆ ದಿನಕ್ಕೊಮ್ಮೆ ಹೇಗೂ ಬದಲಾಗುತ್ತದೆ, ಅದಕ್ಕೆ ಮೊದಲೇ 500 ಎಂಬಿ ದಾಟಿದರೆ ಆಗಲೂ ಬದಲಾಗುತ್ತದೆ. ಬರೀ ‘ಸೈಜ್’ ಹಾಕಿದರೆ ದಿನದ ಲೆಕ್ಕ ಬಿಟ್ಟುಹೋಗುತ್ತದೆ. ‘ಕಂಪ್ರೆಸ್’ ಮತ್ತು ‘ಡಿಲೇಕಂಪ್ರೆಸ್’ ಎರಡೂ ಬೇಕು. ಎರಡನೆಯದು ಇದ್ದರೆ ಈಗಷ್ಟೇ ಬದಲಾದ ಫೈಲನ್ನು ಜಿಜಿಪ್ ಮಾಡದೆ ಮುಂದಿನ ಸರದಿಗೆ ಬಿಡುತ್ತದೆ. ಜಿಜಿಪ್ ತಾನು ಓದಿದಷ್ಟನ್ನು ಸುತ್ತಿ ಮೂಲವನ್ನು ಅಳಿಸುತ್ತದೆ, ಓದಿ ಮುಗಿದ ಮೇಲೆ ಯಾರಾದರೂ ಬರೆದರೆ ಆ ಸಾಲುಗಳು ಗಾಳಿಗೆ. ‘ಕ್ರಿಯೇಟ್ 0640’, ಒಡೆಯ ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ, ಗುಂಪು ಎಡಿಎಂ. ‘ಶೇರ್ಡ್‌ಸ್ಕ್ರಿಪ್ಟ್ಸ್’ ಹಾಕಿದರೆ ಆಕ್ಸೆಸ್ ಮತ್ತು ಎರರ್ ಲಾಗ್ ಎರಡಕ್ಕೂ ಸೇರಿ ಒಂದೇ ಸಲ ಸಿಗ್ನಲ್ ಹೋಗುತ್ತದೆ. ‘ಪೋಸ್ಟ್‌ರೊಟೇಟ್’ ಮತ್ತು ‘ಎಂಡ್‌ಸ್ಕ್ರಿಪ್ಟ್’ ನಡುವೆ ಒಂದೇ ಸಾಲು: ಎಂಜಿನ್‌ಎಕ್ಸ್ ಮೈನಸ್ ಎಸ್ ರೀಓಪನ್.

ಮ್ಯಾಕ್ಸ್‌ಸೈಜ್ ಹಾಕಿದಾಕ್ಷಣ 500 ಎಂಬಿಗೆ ಸರಿಯಾಗಿ ಬದಲಾಗುತ್ತದೆ ಎಂದುಕೊಳ್ಳಬೇಡಿ. ಲಾಗ್‌ರೊಟೇಟ್ ಕೂತು ಕಾಯುವ ಪ್ರೋಸೆಸ್ ಅಲ್ಲ. ಟೈಮರ್ ಎಬ್ಬಿಸಿದಾಗ ಎದ್ದು, ನೋಡಿ, ಕೆಲಸ ಮುಗಿಸಿ ಹೋಗುತ್ತದೆ. ಟೈಮರ್ ದಿನಕ್ಕೊಮ್ಮೆ ಎಬ್ಬಿಸಿದರೆ ಗಾತ್ರದ ತಪಾಸಣೆಯೂ ದಿನಕ್ಕೊಮ್ಮೆಯೇ. ‘ಸಿಸ್ಟಮ್‌ಸಿಟಿಎಲ್ ಎಡಿಟ್ ಲಾಗ್‌ರೊಟೇಟ್ ಡಾಟ್ ಟೈಮರ್’ ಎಂದು ತೆರೆದು, ಟೈಮರ್ ವಿಭಾಗದಲ್ಲಿ ‘ಆನ್‌ಕ್ಯಾಲೆಂಡರ್’ ಅನ್ನು ಮೊದಲು ಖಾಲಿ ಬಿಟ್ಟು ಒಂದು ಸಾಲು, ಆಮೇಲೆ ‘ಅವರ್ಲಿ’ ಎಂದು ಇನ್ನೊಂದು ಸಾಲು ಬರೆಯಿರಿ. ಖಾಲಿ ಸಾಲು ಹಳೆಯ ವೇಳೆಯನ್ನು ಅಳಿಸುತ್ತದೆ. ಅದಿಲ್ಲದಿದ್ದರೆ ಎರಡೂ ಉಳಿದುಕೊಳ್ಳುತ್ತವೆ. ಕ್ರಾನ್-ಡೈಲಿಯಲ್ಲಿರುವ ಲಾಗ್‌ರೊಟೇಟ್ ಸ್ಕ್ರಿಪ್ಟನ್ನು ಕ್ರಾನ್-ಅವರ್ಲಿಗೆ ಸಾಗಿಸಿದರೆ ಉಬುಂಟುವಿನಲ್ಲಿ ಪ್ರಯೋಜನವಿಲ್ಲ. ಸಿಸ್ಟಮ್‌ಡಿ (ಸೇವೆ, ಟೈಮರ್‌ಗಳನ್ನು ನಡೆಸುವ ವ್ಯವಸ್ಥೆ) ಇದೆ ಎಂದು ಕಂಡ ಕೂಡಲೇ ಆ ಸ್ಕ್ರಿಪ್ಟ್ ಏನೂ ಮಾಡದೆ ಹೊರಬೀಳುತ್ತದೆ.

ಹಳೆಯ ಫೈಲುಗಳಿಗೆ ಸಂಖ್ಯೆಯ ಬದಲು ದಿನಾಂಕ ಬರಲಿ ಎಂದು ‘ಡೇಟ್‌ಎಕ್ಸ್ಟ್’ ಹಾಕಿ. ಬಹಳ ದಿನದ ಲಾಗ್ ಇಡುವವರಿಗೆ ಇದೇ ಅನುಕೂಲ. ಆದರೆ ದಿನಕ್ಕೆ ಎರಡು ಸಲ ಬದಲಾದರೆ ಎರಡನೆಯದಕ್ಕೂ ಅದೇ ಹೆಸರು ಬಂದು, ಆ ಹೆಸರಿನ ಫೈಲ್ ಆಗಲೇ ಇದೆ ಎಂದು ರೊಟೇಶನ್ ನಿಂತುಹೋಗುತ್ತದೆ. ‘ಡೇಟ್‌ಫಾರ್ಮ್ಯಾಟ್’ ಸಾಲಿನಲ್ಲಿ ವರ್ಷ, ತಿಂಗಳು, ದಿನದ ಜೊತೆ ಗಂಟೆಯ ಗುರುತನ್ನೂ (ಶೇಕಡಾ ಚಿಹ್ನೆ, ಅದರ ಮುಂದೆ ದೊಡ್ಡಕ್ಷರದ ಎಚ್) ಸೇರಿಸಿ.

ನೋಡ್ ಅಪ್ಲಿಕೇಶನ್‌ನ ವಿಷಯ. ಎಂಜಿನ್‌ಎಕ್ಸ್‌ಗೆ ಒಪ್ಪಿದ ಯುಎಸ್‌ಆರ್1 ಅನ್ನು ಇದಕ್ಕೂ ಕಳಿಸಬೇಡಿ. ನೋಡ್ ಆ ಸಿಗ್ನಲ್ಲನ್ನು ಡಿಬಗರ್‌ಗೆ ಮೀಸಲಿಟ್ಟಿದೆ. ಬಂದ ಕೂಡಲೇ 9229ನೇ ಪೋರ್ಟಿನಲ್ಲಿ ಇನ್‌ಸ್ಪೆಕ್ಟರ್ ತೆರೆದು ಕೂರುತ್ತದೆ. ಬೇರೆ ಎಷ್ಟೋ ಪ್ರೋಗ್ರಾಮ್‌ಗಳು ಯುಎಸ್‌ಆರ್1 ಅಥವಾ ಎಚ್‌ಯುಪಿ ಬಂದರೆ ಸುಮ್ಮನೆ ಸತ್ತೇಹೋಗುತ್ತವೆ, ಯಾಕೆಂದರೆ ಹಿಡಿಯುವ ಕೋಡ್ ಇಲ್ಲದಿದ್ದರೆ ಆ ಸಿಗ್ನಲ್‌ಗಳ ಸಹಜ ಪರಿಣಾಮವೇ ಸಾವು. ಯಾವ ಪ್ರೋಗ್ರಾಮ್ ಯಾವ ಸಿಗ್ನಲ್ಲಿಗೆ ಲಾಗ್ ತೆರೆಯುತ್ತದೆ ಎಂದು ನೋಡಿಕೊಂಡೇ ಕಳಿಸಬೇಕು. ಪೈಥಾನ್ ಅಪ್ಲಿಕೇಶನ್ ಓಡಿಸುವ ಗುನಿಕಾರ್ನ್, ಪಿಎಚ್‌ಪಿ ಓಡಿಸುವ ಪಿಎಚ್‌ಪಿ-ಎಫ್‌ಪಿಎಂ ಎರಡಕ್ಕೂ ಯುಎಸ್‌ಆರ್1 ಸರಿ.

ಸಿಗ್ನಲ್ ಕೇಳದ ಪ್ರೋಗ್ರಾಮ್‌ಗೆಂದೇ ‘ಕಾಪಿಟ್ರಂಕೇಟ್’ ಇರುವುದು. ಲಾಗನ್ನು ನಕಲು ಮಾಡಿ, ಮೂಲವನ್ನು ಸೊನ್ನೆಗೆ ಇಳಿಸುತ್ತದೆ. ಪೈಪು ಅಲುಗುವುದಿಲ್ಲ, ಡ್ರಮ್ಮನ್ನೇ ಬರಿದು ಮಾಡಿದಂತೆ. ಇದರ ಬೆಲೆ ಎರಡು. ನಕಲು ಮುಗಿದು ಸೊನ್ನೆಯಾಗುವ ನಡುವಿನ ಕ್ಷಣದಲ್ಲಿ ಬಂದ ಸಾಲುಗಳು ಹೋಗುತ್ತವೆ, ಮತ್ತು ನಕಲು ಮಾಡುವಷ್ಟು ಹೊತ್ತು ಲಾಗಿನ ಎರಡರಷ್ಟು ಜಾಗ ಬೇಕು. 11 ಜಿಬಿ ಲಾಗ್, 6 ಜಿಬಿ ಖಾಲಿ ಇರುವ ಡಿಸ್ಕಿನಲ್ಲಿ ಕಾಪಿಟ್ರಂಕೇಟ್ ನಡೆಯುವುದೇ ಇಲ್ಲ.

ಇದರಲ್ಲೇ ಇನ್ನೊಂದು ತೊಡಕು. ಅಪ್ಲಿಕೇಶನ್ನನ್ನು ಶೆಲ್‌ನಲ್ಲಿ ಒಂದೇ ಬಾಣದ ಗುರುತು ಹಾಕಿ ಲಾಗಿಗೆ ತಿರುಗಿಸಿ ಓಡಿಸಿದ್ದೀರಿ ಎಂದುಕೊಳ್ಳಿ. ಆಗ ಫೈಲ್ ಅಪೆಂಡ್ ರೀತಿಯಲ್ಲಿ ತೆರೆದಿರುವುದಿಲ್ಲ. ಎಷ್ಟನೇ ಬೈಟಿನಲ್ಲಿ ಬರೆಯುತ್ತಿದ್ದೆ ಎಂಬ ಲೆಕ್ಕ ಪ್ರೋಸೆಸ್ಸಿನ ಬಳಿಯೇ ಇರುತ್ತದೆ. 6 ಜಿಬಿ ಲಾಗನ್ನು ಸೊನ್ನೆಗೆ ಇಳಿಸಿದ ಮರುಕ್ಷಣ ಅದು ಮುಂದಿನ ಸಾಲನ್ನು 6 ಜಿಬಿಯ ಗುರುತಿನಲ್ಲೇ ಬರೆಯುತ್ತದೆ. ‘ಎಲ್‌ಎಸ್ ಮೈನಸ್ ಎಲ್’ ಮತ್ತೆ 6 ಜಿಬಿ ತೋರಿಸುತ್ತದೆ, ಡಿಸ್ಕಿನಲ್ಲಿ ನಿಜಕ್ಕೂ ಹಿಡಿದ ಜಾಗ ಹೇಳುವ ‘ಡಿಯು’ ಕೇಳಿದರೆ ಕೆಲವೇ ಕೆಬಿ. ನಡುವೆ ಇರುವುದೆಲ್ಲ ತೂತು. ಫೈಲ್ ತೆರೆದರೆ ಮೊದಲಿನಿಂದ ಬರೀ ಶೂನ್ಯ ಬೈಟುಗಳು, ಗ್ರೆಪ್ ಹೊಡೆದರೆ ಇದು ಬೈನರಿ ಫೈಲ್ ಎನ್ನುತ್ತದೆ. ಮುಂದಿನ ರೊಟೇಶನ್ನಿನಲ್ಲಿ ಆ ತೂತನ್ನೂ ಓದಿಕೊಂಡೇ ನಕಲು ಮಾಡಬೇಕು. ಎರಡು ಬಾಣದ ಗುರುತು ಹಾಕಿದ್ದರೆ ಅಪೆಂಡ್ ಆಗುತ್ತದೆ, ಪ್ರತಿ ಸಾಲೂ ಫೈಲಿನ ಆಗಿನ ಕೊನೆಗೆ ಸೇರುತ್ತದೆ, ಈ ತೊಂದರೆಯೇ ಇಲ್ಲ. ಸಿಸ್ಟಮ್‌ಡಿ ಸೇವೆಯಾಗಿ ಓಡಿಸುವುದಾದರೆ ‘ಸ್ಟ್ಯಾಂಡರ್ಡ್‌ಔಟ್‌ಪುಟ್’ ಮುಂದೆ ‘ಫೈಲ್’ ಬದಲು ‘ಅಪೆಂಡ್’ ಎಂದು ಬರೆಯಿರಿ. ಸಿಸ್ಟಮ್‌ಡಿ 240ನೇ ಆವೃತ್ತಿಯಿಂದ ಇದು ಸಿಗುತ್ತದೆ. ನೋಡ್‌ನ ‘ಕ್ರಿಯೇಟ್‌ರೈಟ್‌ಸ್ಟ್ರೀಮ್’ ಬಳಸಿದ್ದರೆ ಅದರ ಸಹಜ ಫ್ಲ್ಯಾಗ್ ‘ಡಬ್ಲ್ಯೂ’, ಅದನ್ನು ‘ಎ’ ಮಾಡಿ.

ನಿಮ್ಮ ಅಪ್ಲಿಕೇಶನ್ ನಿಮ್ಮದೇ ಕೋಡ್ ಆದ್ದರಿಂದ ಕಾಪಿಟ್ರಂಕೇಟ್‌ಗಿಂತ ಒಳ್ಳೆಯ ದಾರಿ ನಿಮ್ಮ ಕೈಯಲ್ಲೇ ಇದೆ. ಎಚ್‌ಯುಪಿ ಬಂದಾಗ ಅದೇ ಹೆಸರಿನಲ್ಲಿ ಹೊಸ ಸ್ಟ್ರೀಮ್ ತೆರೆದು, ಬರೆಯುವುದನ್ನು ಅದಕ್ಕೆ ತಿರುಗಿಸಿ, ಹಳೆಯ ಸ್ಟ್ರೀಮನ್ನು ‘ಎಂಡ್’ ಎಂದು ಮುಗಿಸುವ ಹತ್ತು ಸಾಲು ಕೋಡ್ ಸಾಕು. ಪೋಸ್ಟ್‌ರೊಟೇಟ್‌ನಲ್ಲಿ ‘ಸಿಸ್ಟಮ್‌ಸಿಟಿಎಲ್ ಕಿಲ್’ನಿಂದ ಎಚ್‌ಯುಪಿ ಕಳಿಸುವಾಗ ಮುಖ್ಯ ಪ್ರೋಸೆಸ್ಸಿಗೆ ಮಾತ್ರ ಎಂದು ಹೇಳಲು ಮರೆಯಬೇಡಿ. ಹೇಳದಿದ್ದರೆ ಆ ಸೇವೆಯ ಎಲ್ಲ ಮರಿ ಪ್ರೋಸೆಸ್ಸುಗಳಿಗೂ ಹೋಗುತ್ತದೆ, ಹಿಡಿಯುವ ಕೋಡ್ ಇಲ್ಲದವು ಸಾಯುತ್ತವೆ. ಕೋಡ್ ಮುಟ್ಟಲು ಈಗ ಬಿಡುವಿಲ್ಲದಿದ್ದರೆ ಎಲ್ಲವನ್ನೂ ಸಿಸ್ಟಮ್‌ಡಿಯ ಲಾಗ್ ಸೇವೆಯಾದ ಜರ್ನಲ್‌ಡಿಗೆ ಬಿಟ್ಟು ‘ಸಿಸ್ಟಮ್‌ಮ್ಯಾಕ್ಸ್‌ಯೂಸ್’ ಮಿತಿ ಹಾಕಿ. ಅಲ್ಲಿ ಒಂದು ಸೇವೆಯಿಂದ 30 ಸೆಕೆಂಡಿಗೆ 10,000 ಸಾಲು ಎಂಬ ಸಹಜ ಮಿತಿ ಇದೆ, ಮೀರಿದರೆ ಸಾಲುಗಳನ್ನು ಕೈಬಿಡುತ್ತದೆ. ಒಂದು ಮಾತು ಒತ್ತಿ ಹೇಳಬೇಕು: ಮಗು ಉತ್ತರ ಕಳಿಸಿದ್ದಕ್ಕೆ ಲಾಗಿನ ಸಾಲೇ ನಿಮ್ಮಲ್ಲಿರುವ ಏಕೈಕ ದಾಖಲೆಯಾಗಿದ್ದರೆ ಅದನ್ನು ಮೊದಲು ಡೇಟಾಬೇಸಿಗೆ ಒಯ್ಯಿರಿ.

ಅಪಾಚೆಗೆ ಯುಎಸ್‌ಆರ್1 ಎಂದರೆ ಬರೀ ಲಾಗ್ ತೆರೆಯುವುದಲ್ಲ, ಗ್ರೇಸ್‌ಫುಲ್ ರೀಸ್ಟಾರ್ಟ್. ಮರಿ ಪ್ರೋಸೆಸ್ಸುಗಳು ಕೈಯಲ್ಲಿರುವ ಕೋರಿಕೆ ಮುಗಿಸಿ ಹೋಗುತ್ತವೆ, ಅಲ್ಲಿಯವರೆಗೆ ಹಳೆಯ ಲಾಗಿಗೇ ಬರೆಯುತ್ತವೆ. ಅಪಾಚೆಯ ಕೈಪಿಡಿಯ ಉದಾಹರಣೆಯಲ್ಲಿ ಜಿಜಿಪ್‌ಗೆ ಮೊದಲು 600 ಸೆಕೆಂಡು ಕಾಯುವುದು ಇದಕ್ಕೇ. ಡಿಲೇಕಂಪ್ರೆಸ್ ಇದ್ದರೆ ಸಾಕು. ಸಿಗ್ನಲ್ಲೇ ಬೇಡವೆಂದರೆ ಕಸ್ಟಮ್‌ಲಾಗ್ ಸಾಲಿನಲ್ಲಿ ಪೈಪ್ ಹಾಕಿ ‘ರೊಟೇಟ್‌ಲಾಗ್ಸ್’ಗೆ ಕೊಡಿ, ಅವಧಿ 86400 ಸೆಕೆಂಡು. ಆದರೆ ‘ಮೈನಸ್ ಎಲ್’ ಸೇರಿಸದಿದ್ದರೆ ಅದು ಗ್ರಿನಿಚ್ ಸಮಯ ಹಿಡಿಯುತ್ತದೆ. ನಿಮ್ಮ ಹೊಸ ದಿನದ ಲಾಗ್ ಶುರುವಾಗುವುದು ನಡುರಾತ್ರಿ ಅಲ್ಲ, ಬೆಳಿಗ್ಗೆ 5.30ಕ್ಕೆ.

ಎಷ್ಟು ದಿನ ಇಡಬೇಕು? ಪ್ಯಾಕೇಜಿನ ಫೈಲಿನಲ್ಲಿ ಸಾಮಾನ್ಯವಾಗಿ ‘ರೊಟೇಟ್ 14’ ಇರುತ್ತದೆ, ಅಂದರೆ ಎರಡು ವಾರ. ನಮ್ಮ ದೇಶದಲ್ಲಿ ಅದು ಸಾಲದು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸೇವೆ ಒದಗಿಸುವವರು ತಮ್ಮ ವ್ಯವಸ್ಥೆಗಳ ಲಾಗುಗಳನ್ನು 180 ದಿನ ಸುರಕ್ಷಿತವಾಗಿ ಇಡಬೇಕು. ಇಲ್ಲಿ ಎಡವುವುದು ಸುಲಭ: ‘ರೊಟೇಟ್ 180’ ಎಂದರೆ 180 ದಿನ ಅಲ್ಲ, 180 ಫೈಲು. ಗಂಟೆಗೊಮ್ಮೆ ತಪಾಸಣೆ, ಮ್ಯಾಕ್ಸ್‌ಸೈಜ್ ಇರುವಾಗ ಪರೀಕ್ಷೆಯ ದಿನ ಐದಾರು ಫೈಲು ಹುಟ್ಟಬಹುದು. ಆದ್ದರಿಂದ ರೊಟೇಟ್ 4500 ಎಂದು ದೊಡ್ಡದಾಗಿ ಇಟ್ಟು, ‘ಮ್ಯಾಕ್ಸ್‌ಏಜ್ 190’ರಿಂದ ದಿನದ ಲೆಕ್ಕದಲ್ಲಿ ಅಳಿಸಿ. ಜಾಗಕ್ಕೆ ಹೆದರಬೇಡಿ. ದಿನಕ್ಕೆ 8 ಲಕ್ಷ ಕೋರಿಕೆ, ಸಾಲಿಗೆ ಸುಮಾರು 250 ಬೈಟ್ ಎಂದರೆ 200 ಎಂಬಿ. 180 ದಿನಕ್ಕೆ 36 ಜಿಬಿ, ಆದರೆ ಆಕ್ಸೆಸ್ ಲಾಗ್ ಜಿಜಿಪ್‌ಗೆ ಚೆನ್ನಾಗಿ ಬಗ್ಗುತ್ತದೆ, ಹತ್ತರಲ್ಲಿ ಒಂದು ಭಾಗದ ಆಸುಪಾಸಿಗೆ ಇಳಿದರೂ 4 ಜಿಬಿ ಒಳಗೇ ಮುಗಿಯುತ್ತದೆ.

ಪರೀಕ್ಷೆ ಇಲ್ಲದ ಒಂದು ಮಧ್ಯಾಹ್ನ ಇದನ್ನೆಲ್ಲ ಪರೀಕ್ಷಿಸಿ ನೋಡಿ. ‘ಲಾಗ್‌ರೊಟೇಟ್ ಮೈನಸ್ ಡಿ’ ವ್ಯಾಕರಣದ ತಪ್ಪು ತೋರಿಸುತ್ತದೆ, ಆದರೆ ಪೋಸ್ಟ್‌ರೊಟೇಟ್ ಸಾಲನ್ನು ಓಡಿಸುವುದಿಲ್ಲ, ಅಲ್ಲಿನ ತಪ್ಪು ಅದಕ್ಕೆ ಸಿಗದು. ಹಾಗಾಗಿ ಒಮ್ಮೆ ‘ಮೈನಸ್ ಎಫ್’ ಹಾಕಿ ನಿಜವಾಗಿಯೇ ಓಡಿಸಬೇಕು. ಒಂದು ಟರ್ಮಿನಲ್‌ನಲ್ಲಿ ಕರ್ಲ್‌ನಿಂದ 1ರಿಂದ 10,000ದವರೆಗೆ ಸಂಖ್ಯೆ ಹಾಕಿದ ಕೋರಿಕೆಗಳನ್ನು ಕಳಿಸುತ್ತಾ, ನಡುವೆ ಇನ್ನೊಂದರಲ್ಲಿ ಮೈನಸ್ ಎಫ್ ಹೊಡೆಯಿರಿ. ಮುಗಿದ ಮೇಲೆ ಹಳೆಯ ಫೈಲಿನಲ್ಲೂ ಹೊಸದರಲ್ಲೂ ಆ ಸಾಲುಗಳನ್ನು ಎಣಿಸಿ ಕೂಡಿಸಿ. ಎಂಜಿನ್‌ಎಕ್ಸ್‌ನಲ್ಲಿ ಸರಿಯಾಗಿ 10,000 ಬರಬೇಕು, ಒಂದು ಕಡಿಮೆಯಾದರೂ ಎಲ್ಲೋ ತಪ್ಪಿದೆ. ಪಿಎಸ್‌ನಲ್ಲಿ ಮಾಸ್ಟರ್ ಮತ್ತು ವರ್ಕರ್‌ಗಳ ಪಿಐಡಿ, ಶುರುವಾದ ಸಮಯ ಎರಡೂ ಮೊದಲಿನಂತೆಯೇ ಇರಬೇಕು. ಹೊಸದಾಗಿ ಸೇರಿಸಿದ ಲಾಗ್ ಮೊದಲ ದಿನ ತಾನಾಗಿ ಬದಲಾಗದಿದ್ದರೆ ಗಾಬರಿ ಬೇಡ. ಲಾಗ್‌ರೊಟೇಟ್ ಅದನ್ನು ಮೊದಲ ಸಲ ಕಂಡಾಗ ತನ್ನ ಸ್ಟೇಟ್ ಫೈಲಿನಲ್ಲಿ ದಿನಾಂಕ ಬರೆದುಕೊಳ್ಳುತ್ತದೆ ಅಷ್ಟೆ. ಮರುದಿನ ‘ಎಲ್‌ಎಸ್ ಮೈನಸ್ ಎಲ್‌ಐ’ ಹೊಡೆದು, ಆಕ್ಸೆಸ್ ಲಾಗಿನ ಎದುರಿರುವ ಐನೋಡ್ ಸಂಖ್ಯೆಯೂ ಎಲ್‌ಎಸ್‌ಓಎಫ್‌ನಲ್ಲಿ ವರ್ಕರ್ ಹಿಡಿದಿರುವ ಸಂಖ್ಯೆಯೂ ಒಂದೇ ಇದೆಯೇ ನೋಡಿ. ಒಂದೇ ಇದ್ದರೆ ಪೈಪು ಸರಿಯಾದ ಡ್ರಮ್ಮಿನಲ್ಲಿದೆ.